ಒಳಗಿನ ಚಿಲಕ

ಹದಿಮೂರು ತುಂಬಿದ ಮಗಳು, ಸ್ಕೇಲಿಟ್ಟು ಬರೆದ ತನ್ನ ಕೋಣೆಯ ನಕ್ಷೆಯನ್ನು ತಂದು ಬಡಗಿ ಅಪ್ಪನ ಕಾಫಿ ಲೋಟದ ಪಕ್ಕ ಹರಡಿದಳು. ಮಂಚ ಆರೂಕಾಲು ಅಡಿ, ಕಿಟಕಿಯ ಕೆಳಗೆ ಓದುವ ಮೇಜು, ಗೋಡೆಗೆ ಮೂರು ಹಲಗೆ. ಅಳತೆಗಳೆಲ್ಲ ಕರಾರುವಾಕ್ಕಾಗಿದ್ದವು, ಬಡಗಿಗೆ ಒಳಗೊಳಗೇ ಹೆಮ್ಮೆಯಾಯಿತು. ಬಾಗಿಲಿನ ಜಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಮಾತನ್ನು ಓದಿದವನೇ ಲೋಟ ಕೆಳಗಿಟ್ಟ. ‘ಒಳಗಿನಿಂದ ಚಿಲಕ.’

"ಮಿಕ್ಕಿದ್ದೆಲ್ಲ ಆಗತ್ತೆ. ಚಿಲಕ ಆಗಲ್ಲ," ಎಂದ.

ಕಾರಣ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಮೂರು ವರ್ಷದವಳಿದ್ದಾಗ ಮಗಳು ಸ್ಟೂಲು ಹತ್ತಿ ಆ ಕೋಣೆಯ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಕಿರುಚಿ ಕಿರುಚಿ, ಕೊನೆಗೆ ಸುಮ್ಮನಾಗಿಬಿಟ್ಟಿದ್ದಳು. ಅವಳು ಸುಮ್ಮನಾದ ಮೇಲೆ ಬಾಗಿಲು ಒಡೆಯುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ನೋಡಿದರೆ ಒಳಗೆ ಅವಳು ನೆಲದ ಮೇಲೆ ಹಾಯಾಗಿ ನಿದ್ದೆ ಹೋಗಿದ್ದಳು. ಹೊಸ ಬಾಗಿಲು ಮಾಡಿದ, ಚಿಲಕ ಮಾತ್ರ ಹಾಕಲಿಲ್ಲ. ಅಂದಿನಿಂದ, ಗಿರಾಕಿಗಳ ಮನೆ ಮುಂದೆ ನಿಂತು ಅಂಗಿಯ ಹೊಟ್ಟು ಕೊಡವಿಕೊಂಡು, ಕೂದಲು ನೇವರಿಸಿಕೊಂಡು, ಆಮೇಲೆ ಬಾಗಿಲು ತಟ್ಟುವ ಮನುಷ್ಯ, ಮಗಳ ಕೋಣೆಗೆ ಮಾತ್ರ ಮೈತುಂಬ ಮರದ ಹೊಟ್ಟಿನ ಸಮೇತ ನುಗ್ಗುತ್ತಿದ್ದ.

"ಚಿಲಕ ಹಾಕ್ಕೊಂಡು ಮಾಡೋ ಅಂಥ ಕೆಲಸ ಏನಿದೆ ನಿನಗೆ?"

"ಬಟ್ಟೆ ಬದಲಾಯಿಸೋಕೆ ಬಾಗಿಲಿಗೆ ಕುರ್ಚಿ ಅಡ್ಡ ಇಡ್ತೀನಿ. ಅಳೋಕೆ ಬಚ್ಚಲುಮನೆಗೆ ಹೋಗ್ತೀನಿ."

"ಅಳೋಕಾ? ಯಾಕಮ್ಮ ಅಳ್ತೀಯ?"

"ನೋಡು, ಹೀಗೆ ಕೇಳ್ತೀಯ ಅಂತಾನೇ ಚಿಲಕ ಬೇಕಿರೋದು."

ಅಡುಗೆಮನೆಯಲ್ಲಿ ತಾಯಿ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಮಾತು ಸಿಗದಾಗ ಷರತ್ತು ಹಾಕುವುದು ಬಡಗಿಯ ಹಳೆಯ ಚಾಳಿ. ಸಂಜೆಯೊಳಗೆ ಹಳೆಯ ಮಂಚವನ್ನು ಅವಳೊಬ್ಬಳೇ ಕೋಣೆಯಿಂದ ಹೊರಗೆ ಹಾಕಿದರೆ ಚಿಲಕ; ಆಗದಿದ್ದರೆ ಇನ್ನು ಅದರ ಸೊಲ್ಲೆತ್ತುವ ಹಾಗಿಲ್ಲ ಎಂದ. ಆಗದು ಎಂದು ಅವನಿಗೆ ಖಾತ್ರಿಯಿತ್ತು.

ಬೇರೆಯವರ ಮನೆಯಲ್ಲಿ ಮೊದಲು ಬಾಗಿಲಿನ ಅಳತೆ ತೆಗೆದು ಆಮೇಲೆ ಮಂಚದ ಮಾತಾಡುವವನು, ಮಗಳ ಮಂಚವನ್ನು ಆ ಕೋಣೆಯೊಳಗೇ ಕೂತು ಕಟ್ಟಿದ್ದ. ಕೆಳಗೆ ಆಟದ ಸಾಮಾನಿನ ಪೆಟ್ಟಿಗೆ, ಪಕ್ಕದಲ್ಲಿ ಎರಡು ಮೆಟ್ಟಿಲು, ತಲೆಯ ಕಡೆ ಆಗಿನ ಅವಳ ನಡಿಗೆಗೆ ಒಪ್ಪುವಂಥ ಒಂದು ಬಾತುಕೋಳಿಯ ಕೆತ್ತನೆ. ಒಂದೇ ಒಂದು ಮೊಳೆಯಿಲ್ಲ. ಎಲ್ಲ ಮರದ ಬೆಣೆ ಬಡಿದು ಅಂಟು ಹಾಕಿದ ಕೀಲುಗಳು. ಮುಗಿಸಿ ನೋಡಿದರೆ ಯಾವ ಮಗ್ಗುಲಿಗೆ ತಿರುಗಿಸಿದರೂ ಬಾಗಿಲಿಗಿಂತ ಒಂದು ಗೇಣು ಅಗಲ. ಹೊರಗೆ ತರುವ ಗರಜಾದರೂ ಏನು ಎಂದು ಆಗ ನಕ್ಕಿದ್ದ. ಈಗ ಮಗಳು ಅದರಲ್ಲಿ ಮಲಗಿದರೆ ಮೊಣಕಾಲಿನಿಂದ ಕೆಳಗೆ ಹೊರಗೇ ಇರುತ್ತಿತ್ತು.

ಮಗಳು ಮಂಚವನ್ನು ಅಲುಗಾಡಿಸಿ ನೋಡಿದಳು, ಬಾಗಿಲು ಅಳೆದಳು, ಅಪ್ಪನ ಮುಖ ನೋಡಿದಳು. ಅವನ ಕಿಲಾಡಿತನ ಅರ್ಥವಾಯಿತು. ಜಗಳಕ್ಕೆ ನಿಲ್ಲದೆ ಹೋಗಿ ಅವನ ಗರಗಸವನ್ನೇ ತಂದಳು.

"ಒಳ್ಳೇ ಮರ ಕಣೇ ಅದು," ಎಂದ ಬಡಗಿ. ದನಿ ಅವನಿಗೇ ಬೇಡಿಕೊಂಡಂತೆ ಕೇಳಿಸಿತು.

"ಗೊತ್ತಪ್ಪ," ಎಂದಳು, ಪೆನ್ಸಿಲಿನಿಂದ ಗೆರೆ ಎಳೆಯುತ್ತ.

ಮಂಚದ ಮೊದಲ ಕಾಲಿನಲ್ಲೇ ಗರಗಸ ಕಚ್ಚಿಕೊಂಡಿತು. ಬಡಗಿ ಹಜಾರದಲ್ಲಿ ಪೇಪರು ಓದುವ ನಾಟಕ ಹೂಡಿ ಕೂತ, ಕಿವಿಯೆಲ್ಲ ಕೋಣೆಯಲ್ಲಿತ್ತು. ಅವಳು ಒತ್ತಿ ಕೊಯ್ಯುತ್ತಿದ್ದಾಳೆ, ಹಾಗೆ ಒತ್ತಬಾರದು ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಹೇಳಿಕೊಡಲಾರೆ ಎಂದು ಹಲ್ಲು ಕಚ್ಚಿ ಕೂತ. ಊಟಕ್ಕೆ ಬಂದವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ತಾಯಿ ಅದಕ್ಕೆ ಬಟ್ಟೆ ಸುತ್ತುತ್ತ ಗಂಡನ ಕಡೆ ತಿರುಗಿ, "ನಿಮ್ಮ ಮಗಳೇ ರೀ. ಪಟ್ಟು ಹಿಡಿದರೆ ಮುಗೀತು," ಎಂದಳು. ಊಟವಾದ ಮೇಲೆ ಗರಗಸದ ಸದ್ದು ಬದಲಾಯಿತು. ಹಗುರಾಗಿ, ಉದ್ದುದ್ದಕ್ಕೆ, ಎಲ್ಲೂ ತಡೆಯದೆ. ತಾನಾಗಿಯೇ ಕಂಡುಕೊಂಡಿದ್ದಳು. ಬಡಗಿಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಪೇಪರಿನ ಪುಟ ಮಾತ್ರ ಬೆಳಗಿನದೇ ಇತ್ತು.

ಬಿಸಿಲು ಇಳಿಯುವ ಮುಂಚೆ ಮಂಚ ತುಂಡು ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು. ಬಾತುಕೋಳಿಯೊಂದನ್ನು ಮಾತ್ರ ಸುತ್ತ ಬಳಸಿ ಕೊಯ್ದು, ಕೊಕ್ಕಿಗೂ ಗಾಯವಾಗದಂತೆ ತೆಗೆದು, ತಂದು ಅವನ ತೊಡೆಯ ಮೇಲಿಟ್ಟಳು.

"ಇದು ನಿನಗೆ. ನನ್ನ ಕೋಣೇಲಿ ಬೇಡ."

ಬಡಗಿ ಬಾತುಕೋಳಿಯನ್ನು ಪಕ್ಕಕ್ಕಿಟ್ಟು ಎದ್ದ. ತನ್ನ ಪೆಟ್ಟಿಗೆಯಿಂದ ಒಳ್ಳೆಯ ಹಿತ್ತಾಳೆಯ ಚಿಲಕವೊಂದನ್ನು ಆರಿಸಿದ. ಬಾಗಿಲಿಗೂ ಚೌಕಟ್ಟಿಗೂ ಮಟ್ಟ ಕೂರದಾಗ ಮಂಚದ ಕಾಲಿನದೇ ಚೂರೊಂದನ್ನು ತೆಳ್ಳಗೆ ಮಾಡಿ ಅಡಿಗೆ ಕೊಟ್ಟ. ಸ್ಕ್ರೂ ಬಿಗಿದು, ಎಣ್ಣೆ ಬಿಟ್ಟು, ಹತ್ತು ಸಲ ಹಾಕಿ ತೆಗೆದು ನೋಡಿದ. ಇನ್ನೊಮ್ಮೆ ನೋಡಿದ. ಒಂದು ಕಿರುಬೆರಳಿಗೆ ಸರಿಯುವಂತಾದ ಮೇಲೆಯೇ ಹೊರಗೆ ಬಂದ. ಮಗಳು ಒಳಗೆ ಹೋದಳು, ಅವನ ಹಿಂದೆ ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು.

ಆಮೇಲೆ ಒಳಗಿನಿಂದ ಸದ್ದೇ ಇಲ್ಲ. ಹತ್ತು ವರ್ಷದ ಹಿಂದಿನ ಅದೇ ಮೌನ. ಅವನ ಹೆಗಲು ತಾನಾಗಿ ಬಾಗಿಲ ಕಡೆ ವಾಲಿತು. ಸ್ಕ್ರೂಡ್ರೈವರು ಒಳಗೇ ಉಳಿದದ್ದು ಪುಣ್ಯಕ್ಕೆ ನೆನಪಾಯಿತು; ಕರೆಯಲು ಒಂದು ನೆಪ ಸಿಕ್ಕಿತು. ಬಡಗಿ ಎರಡು ಹೆಜ್ಜೆ ಹಿಂದೆ ಸರಿದ. ಅಂಗಿಯ ಹೊಟ್ಟು ಕೊಡವಿಕೊಂಡ, ಕೂದಲು ನೇವರಿಸಿಕೊಂಡ, ಆಮೇಲೆ ಬಾಗಿಲು ತಟ್ಟಿದ.