ಪ್ರಚಾರದ ಆಟೋ

ಖಿನ್ನತೆ ಹೊಸಮನೆ ಬಡಾವಣೆಗೆ ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ, ಆಟೋದಲ್ಲಿ, ಮೈಕ್ ಕಟ್ಟಿಕೊಂಡು. "ಬನ್ನಿ, ಕೇಳಿ, ಮನೆಮಂದಿಗೆಲ್ಲ ಕೇಳಿಸಿ. ಗಾಂಧಿ ಬಜಾರಿನ ಬಟ್ಟೆ ಅಂಗಡಿ ಏಕಾಂತಪ್ಪನವರ ಸುಪುತ್ರಿ, ಕುಮಾರಿ ಸ್ಫೂರ್ತಿಯವರು ತಾವೇ ಬರೆದು ತಾವೇ ಹಾಡಿರುವ ಖಿನ್ನತೆಯ ಹಾಡುಗಳು. ಅಪ್ಪಟ ಸ್ವಂತ ಅನುಭವ, ಯಾವುದೇ ಬೆರಕೆ ಇರುವುದಿಲ್ಲ." ಅದರ ಬೆನ್ನಿಗೇ ಗಿಟಾರಿನೊಂದಿಗೆ ಸ್ಫೂರ್ತಿಯ ದನಿ ಎದ್ದು, ತಾನು ವಾರಗಟ್ಟಲೆ ಸ್ನಾನ ಮಾಡದೆ ಬಿದ್ದುಕೊಂಡಿದ್ದ ಸಂಗತಿಯನ್ನು ಇಡೀ ಬೀದಿಗೆ ತಿಳಿಸಿತು.

ಸ್ಫೂರ್ತಿ ದೋಸೆ ಬಿಟ್ಟು ಎದ್ದಳು. ತಾಯಿ ಬಸವರಾಜೇಶ್ವರಿ ಕಿಟಕಿಗಳನ್ನೆಲ್ಲ ಮುಚ್ಚಿದರು. ಅದೂ ಸಾಲದೆ, ಹಾಡು ಮುಳುಗಲಿ ಎಂದು ಖಾಲಿ ಮಿಕ್ಸಿಯನ್ನೇ ತಿರುಗಿಸಿದರು.

"ಯಾರಮ್ಮ ಇದನ್ನ ಬಿಟ್ಟಿದ್ದು?"

"ಇನ್ಯಾರು, ನಿಮ್ಮಪ್ಪ. ಆಷಾಢದ ಸೇಲಿಗೆ ಕರೆಯೋ ಆಟೋ ಅದು. ಮಗಳು ಆಲ್ಬಂ ಮಾಡಿದಾಳೆ, ಊರಿಗೆ ಗೊತ್ತಾಗ್ಲಿ ಅಂದ್ರು. ಭಾವಗೀತೆ ಅಂದ್ಕೊಂಡಿದಾರೆ ಕಣೆ. ಒಂದೂ ಕೇಳಿಲ್ಲ."

ಅಪ್ಪ ಕೇಳಲಾರರು ಎಂಬ ಧೈರ್ಯದ ಮೇಲೇ ಸ್ಫೂರ್ತಿ ಆ ಹಾಡುಗಳನ್ನು ಬರೆದದ್ದು. ಮೊಬೈಲಿನಲ್ಲಿ ಯಾರೋ ದೂರದವರು ಕೇಳಿಕೊಳ್ಳುತ್ತಾರೆ, ಶಿವಮೊಗ್ಗದವರಿಗೆ ಅಷ್ಟು ಪುರುಸೊತ್ತೆಲ್ಲಿ ಎಂದುಕೊಂಡಿದ್ದಳು. ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ಏಕಾಂತಪ್ಪ ನೆಂಟರಿಷ್ಟರಿಗೆಲ್ಲ ಕಾಮಾಲೆ ಎಂದು ಹೇಳಿ ಮುಗಿಸಿದ್ದರು. ಸೀರೆಯ ಬಣ್ಣ ಹೋಗುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ ಅವರು ಸುಳ್ಳಾಡಿದವರಲ್ಲ, ಹಾಗಾಗಿ ಎಲ್ಲರೂ ನಂಬಿದರು. ಭದ್ರಾವತಿಯಲ್ಲಿದ್ದ ಅವರ ತಂಗಿ ವಿಶಾಲಮ್ಮನಂತೂ ನೆಲನೆಲ್ಲಿ ಅರೆದು ಬಾಟಲಿಗಟ್ಟಲೆ ರಸ ಕಳಿಸಿದರು. ಅಪ್ಪನ ಮಾತು ಉಳಿಯಲಿ ಎಂದು ಸ್ಫೂರ್ತಿ ಮೂಗು ಹಿಡಿದುಕೊಂಡು ಅದನ್ನೂ ಕುಡಿದಿದ್ದಳು. ಈಗ ಅದೇ ಅಪ್ಪ ತಮ್ಮ ಮಾನ ಕಳೆದುಕೊಳ್ಳಲು ತಾವೇ ಆಟೋ ಗೊತ್ತುಮಾಡಿದ್ದರು. ಬಜಾರಿನ ನಡುವೆ ಅವರು ತಲೆ ತಗ್ಗಿಸುವುದನ್ನು ನೆನೆದವಳೇ ಎಂಜಲು ಕೈ ತೊಳೆದಳು. ಸ್ಕೂಟರ್ ಹತ್ತಿದಳು.

ಆಟೋ ಸಿಕ್ಕಿದ್ದು ದುರ್ಗಿಗುಡಿಯಲ್ಲಿ.

"ಚೌಡಪ್ಪಣ್ಣ, ಕೈ ಮುಗೀತೀನಿ, ಆಫ್ ಮಾಡಿ."

"ಸಾಯಂಕಾಲದ ತನಕ ಅಂತ ಮಾತಾಗಿದೆ ತಾಯಿ. ಯಜಮಾನ್ರು ಹೇಳ್ದೆ ನಿಲ್ಸಲ್ಲ. ನೀವು ಹೆದರ್ಬೇಡಿ, ರೆಸ್ಪಾನ್ಸ್ ಚೆನ್ನಾಗಿದೆ. ಇಲ್ಲೊಬ್ರು ಡಿಸ್ಕೌಂಟ್ ಎಷ್ಟು ಅಂತ ಕೇಳಿದ್ರು."

"ಆ ಖಿನ್ನತೆ ಅನ್ನೋ ಮಾತನ್ನಾದ್ರೂ ಬಿಡಿ."

"ಮೊಬೈಲಲ್ಲಿ ಹಾಡಿನ ಕೆಳಗೆ ನೀವೇ ಬರ್ದಿದೀರಲ್ಲ. ನಾನು ಇಲ್ದೇ ಇರೋ ಮಾಲು ಅನೌನ್ಸ್ ಮಾಡೋನಲ್ಲ," ಎಂದು ಚೌಡಪ್ಪ ಗಾಡಿ ಹೊರಡಿಸಿದ.

ಗಾಂಧಿ ಬಜಾರಿನಲ್ಲಿ ಮೂಟೆ ಇಳಿಸುತ್ತಿದ್ದ ವ್ಯಾನಿನ ಹಿಂದೆ ಆಟೋ ಸಿಕ್ಕಿಹಾಕಿಕೊಂಡಿತು. ನಿಂತದ್ದೂ ಎಲ್ಲಿ, ಏಕಾಂತಪ್ಪನವರ ಅಂಗಡಿಯ ಎದುರಿಗೇ. ಮಗಳ ದನಿ ಕೇಳಿ ಅವರು ಹಿಗ್ಗುತ್ತ ಮೆಟ್ಟಿಲಿಗೆ ಬಂದರು. ಅವರ ಹಿಂದೆ, ಗೃಹಪ್ರವೇಶಕ್ಕೆ ಸೀರೆ ಆರಿಸಲು ಆ ಬೆಳಿಗ್ಗೆಯೇ ಭದ್ರಾವತಿಯಿಂದ ಬಂದಿದ್ದ ವಿಶಾಲಮ್ಮ. ಸ್ಫೂರ್ತಿ ತಲುಪುವಷ್ಟರಲ್ಲಿ ಕೊನೆಯ ಹಾಡು ಶುರುವಾಗಿತ್ತು.

"ಮಾತ್ರೆ ನುಂಗಿ ಮಲಗಿ ಎದ್ದೆ, ಕೋಣೆಗೆ ಚಿಲಕವಿಲ್ಲ. ತುಕ್ಕು ಹಿಡಿದಿತ್ತು, ಬಿಚ್ಚಿದೆ ಅಂದ ಅಪ್ಪ. ತುಕ್ಕು ಯಾವುದಕ್ಕೆಂದು ನಾನು ಕೇಳಲಿಲ್ಲ, ಇನ್ನೊಂದು ಚಿಲಕ ಅವನು ತರಲಿಲ್ಲ."

ಮಗಳು ಬಾಗಿಲು ಹಾಕಿಕೊಂಡು ಒಳಗೆ ಏನಾದರೂ ಮಾಡಿಕೊಂಡಾಳು ಎಂಬ ಭಯವನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಮೈಕು ಆಡುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದವರು ತೂಗುವುದನ್ನು ಬಿಟ್ಟು ನೋಡಿದರು. ಏಕಾಂತಪ್ಪನವರ ಮುಖದ ಹಿಗ್ಗು ಇಳಿಯಿತು. ಆದರೆ ಅವರು ಒಳಗೆ ಹೋಗಲಿಲ್ಲ. ಹಾಡು ಮುಗಿಯುವವರೆಗೂ ಮೆಟ್ಟಿಲ ಮೇಲೆ ನಿಂತು ಕೇಳಿದರು.

"ಅಣ್ಣ, ಕಾಮಾಲೆ ಅಂದಿದ್ಯಲ್ಲೋ?" ಎಂದರು ವಿಶಾಲಮ್ಮ. "ಬಿಸಿಲಲ್ಲಿ ಬದು ಬದು ತಿರುಗಿ ನೆಲನೆಲ್ಲಿ ಕಿತ್ತಿದೀನಿ ನಾನು."

"ಸುಳ್ಳು ಹೇಳಿದ್ದೆ ಕಣೆ."

"ಚೆನ್ನಾಗಾಯ್ತು. ಈಗ ಭದ್ರಾವತಿಲಿ ಎಲ್ರಿಗೂ ನಾನು ಏನಂತ ಹೇಳ್ಲಿ ಮಾರಾಯ?"

ಏಕಾಂತಪ್ಪ ಆಟೋದ ಕಡೆ ತಿರುಗಿದರು.

"ಚೌಡಪ್ಪ, ಊಟ ಆದ್ಮೇಲೆ ಭದ್ರಾವತಿಗೂ ಒಂದು ರೌಂಡ್ ಹಾಕು. ಪಾಪ, ಇವಳಿಗೆ ಮನೆಮನೆಗೆ ಹೋಗಿ ಹೇಳೋದು ತಪ್ಪುತ್ತೆ."

ಸ್ಫೂರ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ಕೂಟರ್ ನಿಲ್ಲಿಸಿ ಮೆಟ್ಟಿಲ ಹತ್ತಿರ ಬಂದಳು. "ಅಪ್ಪ, ನೀವು ಕೇಳ್ತೀರಿ ಅಂತ ಗೊತ್ತಿದ್ರೆ ಆ ಹಾಡು ಹಾಕ್ತಾ ಇರ್ಲಿಲ್ಲ."

"ಹಾಡೇನೋ ಪರವಾಗಿಲ್ಲ. ಆದ್ರೆ ಅದ್ರಲ್ಲೊಂದು ತಪ್ಪಿದೆ, ಸರಿಮಾಡು," ಎಂದರು ಏಕಾಂತಪ್ಪ, ಮಗಳ ಮುಖ ನೋಡದೆ. "ಆ ಚಿಲಕ ಬಿಚ್ಚಿದ್ದು ನಾನಲ್ಲ. ಸ್ಕ್ರೂಡ್ರೈವರ್ ಹಿಡ್ಕೊಂಡು ಹೋದೆ, ನನ್ ಕೈಲಿ ಆಗ್ಲೇ ಇಲ್ಲ, ವಾಪಸ್ ಬಂದೆ. ಬಿಚ್ಚಿದ್ದು ನಿಮ್ಮಮ್ಮ."