ಹೊರೆ ಇಳಿಸುವ ಕಲ್ಲು

ಗುಡ್ಡ ಪೂರ್ತಿ ಕಾಣುವ ದೊಡ್ಡ ಕಿಟಕಿಯ ಮುಂದೆ ಗಾಲಿಕುರ್ಚಿ ನಿಲ್ಲಿಸಿದ ಕೂಡಲೇ ಹುಲ್ಲಿನಜ್ಜಿ ಮುಖ ತಿರುಗಿಸಿಕೊಂಡಳು.

"ಯಾಕಜ್ಜಿ, ಚೆನ್ನಾಗಿಲ್ವಾ?" ಎಂದಳು ಕಟ್ಟಡದ ನಕ್ಷೆ ಬರೆದವಳು. ಗುಣವಾಗದ ಕಾಯಿಲೆಯವರು ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲೆಂದು ಕಟ್ಟುತ್ತಿದ್ದ ಆರೈಕೆ ಮನೆ ಅದು. ಮಲಗಿದವರ ಕಣ್ಣಿಗೂ ಹಸಿರು ಬೀಳಬೇಕೆಂದು ಅವಳು ಪ್ರತಿ ಕೋಣೆಯಲ್ಲೂ ಮಂಚ ಹಾಕಿಸಿ, ತಾನೇ ಅದರ ಮೇಲೆ ಮಲಗಿ, ಕಿಟಕಿಯ ಅಳತೆ ಹಿಡಿದಿದ್ದಳು. ಮುಗಿದ ಮೇಲೆ ಮೊದಲ ಕೋಣೆಗೆ ಬರಬೇಕಾದವಳು ಈ ಅಜ್ಜಿ. ಹೇಗಿದೆ ನೋಡಲಿ ಎಂದು ಈ ದಿನ ಕರೆತಂದಿದ್ದರು.

"ಚೆಂದಕ್ಕೇನವ್ವ, ಚೆಂದವೇ. ಆದ್ರೆ ಆ ಗುಡ್ಡ ಹತ್ತಿ, ಹುಲ್ಲು ಕೊಯ್ದು, ಹೊತ್ತು ತಂದು ಮಾರಿ ಮಾರೀನೇ ನನ್ನ ಮಂಡಿ ಸವೆದಿದ್ದು. ನಲವತ್ತು ವರ್ಷ. ಇನ್ನು ಮಲಗಿಕೊಂಡೂ ಅದರ ಮುಖಾನೇ ನೋಡ್ಬೇಕಾ?"

ಪಕ್ಕದಲ್ಲಿದ್ದ ಮೇಸ್ತ್ರಿ ಕಿಸಕ್ಕನೆ ನಕ್ಕ.

ಅಜ್ಜಿ ಎದುರು ಗೋಡೆಯತ್ತ ಕೈ ತೋರಿಸಿದಳು. ಅದು ಸೊಂಟದ ಮಟ್ಟಕ್ಕೆ ಎದ್ದಿತ್ತು. ಅದರಾಚೆ, ಗೋಡೆಗೆ ಅಂಟಿಕೊಂಡೇ, ಸಂತೆಗೆ ಹೋಗುವ ಕಾಲುದಾರಿ. "ಅಲ್ಲಿ ಕಿಟಕಿ ಇಲ್ವಾ?"

"ಅದನ್ನ ನಾಳೆ ಸೂರಿನ ತನಕ ಏರಿಸಿಬಿಡ್ತೀವಜ್ಜಿ," ಎಂದ ಮೇಸ್ತ್ರಿ. "ದಾರಿ ಗಲಾಟೆ ಒಳಗೆ ಬರಬಾರ್ದು ನೋಡು."

"ಸದ್ದಿಲ್ದೆ ಮಲಗೋಕೆ ನನಗೇನು ಅವಸರ? ಆಮೇಲೆ ಬೇಕಾದಷ್ಟು ಹೊತ್ತು ಇದೆ. ಗುಡ್ಡ ಎಲ್ಲಿಗೆ ಹೋಗುತ್ತೆ, ಎಲ್ಲಿಂದ ಬರುತ್ತೆ? ಕೇಳಿದ್ರೆ ಮಾತಾಡುತ್ತಾ? ನನಗೆ ಹೋಗೋರು ಬರೋರು ಬೇಕು."

ನಕ್ಷೆಯವಳು ಪೆನ್ಸಿಲ್ ಹಿಡಿದಳು, ಮತ್ತೆ ಕೈ ತಡೆದಳು. ಈ ಕಟ್ಟಡದ ಹತ್ತಿರ ಬರುತ್ತಿದ್ದಂತೆ ಜನ ಬಿರಬಿರನೆ ಕಾಲು ಹಾಕುವುದನ್ನು ಅವಳು ದಿನವೂ ಕಂಡಿದ್ದಳು. ಅದನ್ನು ಹೇಗೆ ಹೇಳುವುದು?

ಅಜ್ಜಿಯೇ ಹೇಳಿದಳು. "ಗೊತ್ತು ಬಿಡು. ಸಾಯೋರ ಮನೆ ಅಂತ ಯಾರೂ ನಿಲ್ಲಲ್ಲ. ಬೇರೆಯವರ ಬಾಗಿಲ ಮುಂದೆ ನಾನೂ ಹಾಗೇ ತಲೆ ತಗ್ಗಿಸಿ ಹೋಗಿದೀನಿ. ಕೆಟ್ಟೋರಲ್ಲ ಅವರು, ಏನು ಮಾತಾಡ್ಬೇಕು ಅಂತ ತಿಳಿಯಲ್ಲ, ಅಷ್ಟೇ. ಅದಕ್ಕೇ ಕಿಟಕಿ ಇಟ್ಟರೆ ಸಾಲದು. ಸರಳು ಬೇಡ. ಹೊರಗಡೆ ಎರಡು ಮೊಳ ಅಗಲದ ಒಂದು ಚಪ್ಪಡಿ ಕಲ್ಲು ಹಾಕಿಸು."

"ಹೂವಿನ ಕುಂಡ ಇಡೋಕಾ?"

"ಹೂವಲ್ಲವ್ವ, ಹೊರೆ ಇಳಿಸೋಕೆ. ತಲೆ ಮೇಲೆ ಭಾರ ಇದ್ದೋರು ಮಾತಾಡ್ಸೋಕೆ ನಿಲ್ಲಲ್ಲ, ಇಳಿಸೋಕೆ ನಿಲ್ತಾರೆ. ಇಳಿಸಿದ ಮೇಲೆ ಬಾಯಿ ಸುಮ್ನಿರಲ್ಲ."

"ಎಷ್ಟು ಎತ್ತರಕ್ಕೆ?"

"ಹೊತ್ತು ನೋಡು, ತಿಳಿಯುತ್ತೆ."

ನಕ್ಷೆಯವಳು ದುಪಟ್ಟಾವನ್ನು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡು ದಾರಿಗೆ ಇಳಿದಳು. ಅದರ ಮೇಲೆ ಮರಳಿನ ಬುಟ್ಟಿ ಎತ್ತಿಟ್ಟ ಮೇಸ್ತ್ರಿ, "ಬೇಡ ಮೇಡಮ್, ಕತ್ತು ಉಳುಕುತ್ತೆ," ಎನ್ನುತ್ತಲೇ ಇದ್ದ. ಹತ್ತು ಹೆಜ್ಜೆ ಹೋಗಿ ಬರುವಷ್ಟರಲ್ಲಿ ಅವಳ ಕತ್ತು ನೋಯತೊಡಗಿತು. ಎಲ್ಲಿ ಇಳಿಸಿದರೆ ಸಾಕೆಂದು ಮೈಯೇ ಹೇಳಿತು. "ಇಲ್ಲಿ," ಎಂದು ಹೆಗಲ ಮಟ್ಟದಲ್ಲಿ ಗೋಡೆ ಮುಟ್ಟಿದಳು.

"ಇನ್ನು ನಾಲ್ಕು ಬೆರಳು ತಗ್ಗಿಸು," ಅಜ್ಜಿ ಒಳಗಿನಿಂದ ಕೂಗಿದಳು. "ಹೊರೆ ಹೊರೋರು ನಿನ್ನಷ್ಟು ಉದ್ದ ಬೆಳೆದಿರಲ್ಲ."

ಕೋಣೆಯ ನೆಲಕ್ಕಿಂತ ದಾರಿ ಎರಡಡಿ ತಗ್ಗಿನಲ್ಲಿತ್ತು. ಹೊರಗಿನ ಹೆಗಲ ಮಟ್ಟ ಒಳಗೆ ಸರಿಯಾಗಿ ಮಂಚದ ಮಟ್ಟವಾಯಿತು. "ಎರಡು ವರಸೆ ಇಟ್ಟಿಗೆ ಕೆಡವಬೇಕಲ್ಲ," ಎಂದು ಗೊಣಗುತ್ತಲೇ ಮೇಸ್ತ್ರಿ ಸುತ್ತಿಗೆ ಕೈಗೆತ್ತಿಕೊಂಡ. ಮರಳು ಮೆತ್ತಿದ ಕೈಯಲ್ಲೇ ನಕ್ಷೆಯವಳು ಅಜ್ಜಿಯ ಕೈ ಹಿಡಿದಳು. "ನೀವು ಬರದಿದ್ರೆ ನಾಳೆ ಇದನ್ನ ಮುಚ್ಚಿಬಿಡ್ತಿದ್ದೆ ಅಜ್ಜಿ."

"ಗುಡ್ಡದ ಕಿಟಕೀನೂ ಇರಲಿ," ಎಂದಳು ಅಜ್ಜಿ. "ನಿನ್ನಂಥೋರೂ ಯಾರಾದ್ರೂ ಬಂದಾರು."

ಕಟ್ಟಡ ಮುಗಿದು, ಅಜ್ಜಿ ಆ ಕೋಣೆಗೆ ಬಂದು ಮೂರು ದಿನ ಯಾರೂ ನಿಲ್ಲಲಿಲ್ಲ. ನಾಲ್ಕನೆಯ ದಿನ ನಕ್ಷೆಯವಳು ನೋಡಲು ಬಂದು ಮಂಚದ ಪಕ್ಕ ಕುಳಿತಿದ್ದಾಗ, ಸೌದೆ ಹೊತ್ತ ಹೆಂಗಸೊಬ್ಬಳು ಕಲ್ಲನ್ನು ಕಂಡು ಅನುಮಾನಿಸಿದಳು. ಆಮೇಲೆ ಮಂಡಿ ತುಸು ಬಗ್ಗಿಸಿ, ಕತ್ತು ವಾಲಿಸಿ ಹೊರೆಯನ್ನು ಕಲ್ಲಿನ ಮೇಲೆ ಜಾರಿಸಿದಳು. ಬೆವರು ಒರೆಸಿಕೊಂಡಳು. ದಿಂಬಿಗೆ ಒರಗಿದ್ದ ಅಜ್ಜಿಯನ್ನು ಕಂಡು ಕಣ್ಣು ತಗ್ಗಿಸಿದಳು.

"ಯಾರೇ ಈ ಹೊರೆ ಕಟ್ಟಿದ್ದು? ಎಡಕ್ಕೆ ವಾಲಿದೆ," ಎಂದಳು ಅಜ್ಜಿ.

"ನಾನೇ ಕಟ್ಟಿದ್ದು."

"ಅದಕ್ಕೇ!"

ಹೆಂಗಸು ನಕ್ಕುಬಿಟ್ಟಳು. ನಕ್ಕ ಮೇಲೆ ಹಗ್ಗ ಹಳೆಯದಾದದ್ದು, ಸೊಸೆ ಬಸುರಿಯಾದದ್ದು, ಅತ್ತೆಗೆ ಕಿವಿ ಮಂದವಾಗಿ ಮನೆಯಲ್ಲಿ ಜಗಳ ಕಡಿಮೆಯಾದದ್ದು ಎಲ್ಲ ಬಂತು. ಅಜ್ಜಿ ಕೇಳಿದಳು, ಬೈದಳು, ಕೆಮ್ಮು ಬರುವಷ್ಟು ನಕ್ಕಳು.

ಹೊತ್ತಾಯಿತೆಂದು ಹೆಂಗಸು ಸಿಂಬೆ ತಲೆಗಿಟ್ಟಳು. ಕಲ್ಲು ಹೆಗಲ ಮಟ್ಟದಲ್ಲಿತ್ತು; ಬಗ್ಗಿ ತಲೆಯೊಡ್ಡಿ ತಾನೇ ಎಳೆದುಕೊಂಡರೆ ಹೊರೆ ಬರುತ್ತಿತ್ತು. ಅವಳು ಎಳೆದುಕೊಳ್ಳಲಿಲ್ಲ. ಬಗ್ಗಿದವಳು ಹಾಗೇ ನಿಂತು, "ಅವ್ವಾ, ಒಂಚೂರು ಕೈ ಕೊಡ್ತೀಯಾ?" ಎಂದಳು.

ಅಜ್ಜಿ ಕಡ್ಡಿಯಂಥ ಎರಡು ಕೈಗಳನ್ನು ಕಿಟಕಿಯಿಂದ ಚಾಚಿ ಸೌದೆಯ ಅಡಿಗೆ ಇಟ್ಟಳು. "ಹೂಂ, ಏಳು," ಎಂದಳು.

ಹೊರೆ ಎದ್ದಿತು.

"ಪುಣ್ಯಕ್ಕೆ ನೀನಿದ್ದೆ," ಎಂದು ಹೇಳಿ ಹೆಂಗಸು ದಾರಿ ಹಿಡಿದಳು.