ಎರಡು ಗಂಟೆಯ ಜ್ವರ

ಮಧ್ಯಾಹ್ನ ಎರಡು ಗಂಟೆಯ ಸಾಲಿನಲ್ಲಿ ಮೂರು ದಿನವೂ ಒಂದೇ ಅಂಕಿ: ತೊಂಬತ್ತೆಂಟು ಪಾಯಿಂಟ್ ಎಂಟು. ಬೆಳಗಿನ ಅಂಕಿಗಳು ಏರಿಳಿದಿದ್ದವು, ಸಂಜೆಯವೂ ಅಷ್ಟೇ. ಟೀಚರ್ ದಿಂಬಿಗೊರಗಿ, ಗಂಡ ತನ್ನ ಜ್ವರ ಬರೆದಿಟ್ಟಿದ್ದ ಆ ಪುಟವನ್ನು ಮತ್ತೆ ನೋಡಿದಳು. ಇಪ್ಪತ್ತು ವರ್ಷ ಕಾಪಿ ಹೊಡೆದವರನ್ನು ಹಿಡಿದ ಕಣ್ಣು ಅದು.

ವೈರಲ್ ಜ್ವರ ಬಂದು ಎಂಟು ದಿನ. ಇಳಿಯುತ್ತಿದೆ ಎಂದು ಮನೆಗೆ ಕಳಿಸಿದ ಡಾಕ್ಟರು, ದಿನಕ್ಕೆ ಮೂರು ಸಲ ನೋಡಿ ಬರೆದಿಡಲು ಗಂಡನಿಗೆ ಹೇಳಿದ್ದರು. ಮಧ್ಯಾಹ್ನ ನೂರು ದಾಟಿದರೆ ಮತ್ತೆ ರಕ್ತ ಪರೀಕ್ಷೆ, ಬಹುಶಃ ಅಡ್ಮಿಟ್ಟು. ದಾಟದಿದ್ದರೆ ಮನೆಯಲ್ಲೇ ವಿಶ್ರಾಂತಿ, ಮಾತ್ರೆಯೂ ಬೇಡ. ಇವತ್ತು ಐದು ಗಂಟೆಗೆ ಅವನು ಫೋನಿನಲ್ಲಿ ಡಾಕ್ಟರಿಗೆ ಇದನ್ನೆಲ್ಲ ಓದಿ ಹೇಳಬೇಕು.

ಆದರೆ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗಲೆಲ್ಲ ಹಾಸಿಗೆ ಬೆವರಿಗೆ ಒದ್ದೆಯಾಗಿರುತ್ತಿತ್ತು. ಕೇಳಿದರೆ ಸೆಕೆ ಎನ್ನುತ್ತಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯಲು ಇವನಿಗೆ ಬೇಜಾರೋ, ತನ್ನನ್ನು ಬೇಗ ಒಲೆ ಮುಂದೆ ನಿಲ್ಲಿಸುವ ಆತುರವೋ? ಅನುಮಾನ ಇಡೀ ಮನೆ ಸುತ್ತಿ ಬಂತು.

ಅಷ್ಟರಲ್ಲಿ ಗಂಡ ಬಿಸಿನೀರು ತಂದ.

"ಎರಡು ಗಂಟೆಗೆ ನಾನು ಎಚ್ಚರ ಇದ್ದಿದ್ದು ಯಾವತ್ತು ರೀ?"

ಮೊದಲು ಜ್ಞಾಪಕವಿಲ್ಲ ಎಂದ. ಆಮೇಲೆ, ನಿದ್ದೆಯಲ್ಲೇ ಕಂಕುಳಲ್ಲಿಟ್ಟು ನೋಡಿದೆ ಎಂದ. ಅವಳು ಕನ್ನಡಕದ ಮೇಲಿಂದ ನೋಡುತ್ತಲೇ ಇದ್ದಳು. ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದುವುದು ಅವನ ಕೆಲಸ. ಅವನ ದನಿ ಇಳಿಯಿತು.

"ನೀನು ಒಳ್ಳೇ ನಿದ್ದೇಲಿದ್ದೆ ಕಣೇ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಬೀಗ ಹಾಕಿರೋ ಮನೆಗೆ ಹಿಂದಿನದ್ದು ನೋಡಿ ಸರಾಸರಿ ಬರೀತೀವಲ್ಲ, ಹಂಗೇ..."

"ಸರಾಸರಿ."

"ಹೆಚ್ಚು ಕಮ್ಮಿ ಸರಿಯಾಗೇ ಇರುತ್ತೆ. ಇಷ್ಟು ವರ್ಷದಲ್ಲಿ ಬಾಗಿಲಲ್ಲಿ ನಿಂತು ಒಬ್ರೂ ತಕರಾರು ಮಾಡಿಲ್ಲ."

"ಬೀಗ ಹಾಕಿರೋ ಬಾಗಿಲಲ್ಲಿ ಯಾರ್ರೀ ನಿಂತಿರ್ತಾರೆ?"

ಹಾಗೆಂದು ಅವಳೇ ಥರ್ಮಾಮೀಟರ್ ತೆಗೆದು ನಾಲಿಗೆಯಡಿ ಇಟ್ಟುಕೊಂಡಳು. ಅವನು ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ಬಿಚ್ಚಿದ. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಬೀಪ್ ಎಂದಾಗ ಅವನೇ ತೆಗೆದ. ನೋಡಿದ. ಅಂಗಿಯ ಅಂಚಿನಿಂದ ಒರೆಸಿ ಇನ್ನೊಮ್ಮೆ ನೋಡಿದ.

"ಎಷ್ಟು?" ಎಂದಳು.

ಅವನು ಪೆನ್ನು ಬದಿಗಿಟ್ಟು ಆಸ್ಪತ್ರೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಬಾಗಿಲ ಹೊರಗಿದ್ದ ಅವಳ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮಂಚದ ಪಕ್ಕ ಜೋಡಿಸಿಟ್ಟ.